ಬಯಲಾಟದ ಬೆಳಕಿನಲ್ಲಿ ತೆರೆದ ಲೋಕದ ಆಟಗಳು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ನಾಟಕಕ್ಕೂ ಕ್ರೀಡೆಗೂ ಒಂದೇ ಹೆಸರುಂಟು. ಎರಡೂ 'ಆಟ'ವೇ. ಹಗಲು ಊರ ಬಯಲಲ್ಲಿ ಹುಡುಗರು ಆಡುವ ಚಿಣಿಫಣಿಯೂ ಆಟ. ಅದೇ ಬಯಲಲ್ಲಿ ಇರುಳೆಲ್ಲ ನಡೆಯುವ ದೇವದಾನವರ ಕಥೆಯೂ ಆಟ. ಮೊದಲನೆಯದರಲ್ಲಿ ಕಟ್ಟಳೆಯೇ ಪ್ರಧಾನ, ಎರಡನೆಯದರಲ್ಲಿ ವೇಷವೇ ಪ್ರಧಾನ. ಆದರೂ ಕಟ್ಟಳೆಯಿಲ್ಲದ ವೇಷವಾಗಲಿ, ಕಲ್ಪನೆಯ ಲೇಶವೂ ಇಲ್ಲದ ಕಟ್ಟಳೆಯಾಗಲಿ ಆಟವೆನಿಸಲಾರದೆಂಬ ಅರಿವು ಈ ಒಂದೇ ಹೆಸರಿನಲ್ಲಿ ಅಡಗಿರುವಂತೆ ತೋರುತ್ತದೆ. ಈ ಅರಿವು ಇಂದು ಮತ್ತೊಂದು ವಿಷಯದ ವಿವೇಚನೆಗೆ ಉಪಯೋಗಕ್ಕೆ ಬರುವಂತಿದೆ. ಆ ವಿಷಯವೆಂದರೆ ಗಣಕಯಂತ್ರದ ತೆರೆಯ ಮೇಲೆ ಆಡಲ್ಪಡುವ, 'ಓಪನ್ ವರ್ಲ್ಡ್ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್' ಎಂಬ ಉದ್ದನೆಯ ಹೆಸರಿನ ಕಲೆ. ಕನ್ನಡದಲ್ಲಿ ಇದನ್ನು 'ತೆರೆದ ಲೋಕದ ವೇಷದಾಟ' ಎನ್ನಬಹುದು.

ಈ ಆಟದ ಸ್ವರೂಪವನ್ನು ಬಲ್ಲದವರಿಗಾಗಿ ಎರಡು ಮಾತು ಹೇಳುವದು ಅವಶ್ಯ. ಆಡುವವನು ಮೊದಲು ಒಂದು ವೇಷವನ್ನು ಆರಿಸಿಕೊಳ್ಳುತ್ತಾನೆ: ಕತ್ತಿಯವನೋ ಮಂತ್ರವಾದಿಯೋ ಕಳ್ಳನೋ ಆಗುತ್ತಾನೆ. ಅನಂತರ ಕಲ್ಪಿತವಾದ ಒಂದು ನಾಡನ್ನು ಹೊಕ್ಕು, ತನ್ನ ಮನಸ್ಸಿಗೆ ಬಂದ ದಿಕ್ಕಿಗೆ ನಡೆಯುತ್ತಾನೆ. ಅಲ್ಲಿ ಊರುಗಳುಂಟು, ಕಾಡುಗಳುಂಟು, ಮಾತಾಡಿಸಿದರೆ ಉತ್ತರ ಕೊಡುವ ಜನರುಂಟು. ಅವರು ಹೇಳಿದ ಕೆಲಸವನ್ನು ಕೈಕೊಳ್ಳಬಹುದು, ಬಿಡಬಹುದು. ಮಾಡಿದ ಕೆಲಸದಿಂದ ಅವನ ಶಕ್ತಿಯೂ ವಿದ್ಯೆಯೂ ಬೆಳೆಯುತ್ತವೆ. ಹೀಗೆ ನೂರಾರು ತಾಸು ಆಡಬಹುದಾದ ಆಟಗಳಿವೆ. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಕಾದಂಬರಿಗೆ ಕೊಡುವ ಹೊತ್ತಿಗಿಂತ ಹೆಚ್ಚಿನ ಹೊತ್ತನ್ನು ಇವಕ್ಕೆ ಕೊಡುತ್ತಿರುವಾಗ, ಸಾಹಿತ್ಯವನ್ನು ಕಲಿಸುವವರ ಕೈಯಲ್ಲಿ ಇವುಗಳ ಗುಣದೋಷಗಳನ್ನು ಅಳೆಯುವ ಒಂದು ಅಳತೆಗೋಲು ಇರಬೇಡವೆ? ಎಲ್ಲವನ್ನೂ ಕಾಲಹರಣವೆಂದು ಬದಿಗೆ ತಳ್ಳುವದು ವಿಮರ್ಶೆಯಲ್ಲ. ಎಲ್ಲವನ್ನೂ ಹೊಸದೆಂದು ಹೊಗಳುವದೂ ವಿಮರ್ಶೆಯಲ್ಲ. ಯಾವ ಆಟ ಹಿರಿದು, ಯಾವದು ಬರಿಯ ದೊಡ್ಡದು ಎಂಬದನ್ನು ಬೇರ್ಪಡಿಸುವದೇ ಮುಖ್ಯ.

ಬಯಲಿನ ವಿಚಾರ

ಹಿರಿಮೆಯೆಂದರೆ ವಿಸ್ತಾರವೆಂಬ ಭಾವನೆ ಆಡುವವರಲ್ಲಿಯೂ ಮಾರುವವರಲ್ಲಿಯೂ ಬಹುವಾಗಿ ಹಬ್ಬಿದೆ. ೧೯೯೬ರಲ್ಲಿ ಅಮೇರಿಕೆಯ ಬೆಥೆಸ್ಡಾ ಸಂಸ್ಥೆಯವರು ಹೊರತಂದ 'ಡ್ಯಾಗರ್‌ಫಾಲ್' ಎಂಬ ಆಟದ ನಾಡು ಸುಮಾರು ೧,೬೦,೦೦೦ ಚದರ ಕಿಲೋಮೀಟರಿನದೆಂದು ಎಣಿಕೆ. ಕರ್ನಾಟಕದ ವಿಸ್ತೀರ್ಣ ೧,೯೧,೭೯೧ ಚದರ ಕಿಲೋಮೀಟರೆಂಬದನ್ನು ನೆನೆದರೆ ಆ ಆಟದ ಹರವು ತಿಳಿದೀತು. ಆದರೆ ಅದರ ಸಾವಿರಾರು ಊರುಗಳನ್ನೂ ನೆಲಮಾಳಿಗೆಗಳನ್ನೂ ಬಹುಮಟ್ಟಿಗೆ ಯಂತ್ರವೇ ಗಣಿತದ ಸೂತ್ರದಿಂದ ಎರಕ ಹೊಯ್ದಿತ್ತು. ಒಂದೂರನ್ನು ಕಂಡವನು ನೂರೂರನ್ನು ಕಂಡಂತೆಯೇ. ಅದೇ ಸಂಸ್ಥೆಯವರು ೨೦೦೨ರಲ್ಲಿ ರಚಿಸಿದ 'ಮೊರೊವಿಂಡ್' ಎಂಬದರ ದ್ವೀಪ ಇಪ್ಪತ್ತೈದು ಚದರ ಕಿಲೋಮೀಟರನ್ನು ಮೀರದು. ಗೋಕಾಕದಿಂದ ಹೊರಟವನು ಘಟಪ್ರಭೆಯ ಧಬಧಬೆಯನ್ನು ನೋಡಿ ಸುತ್ತಲಿನ ನಾಲ್ಕಾರು ಹಳ್ಳಿಗಳನ್ನು ಸುತ್ತಿ ಬಂದಷ್ಟು ನೆಲ. ಆದರೂ ರಸಿಕರು ನೆನೆಯುವದು ಎರಡನೆಯದನ್ನೇ. ಅಲ್ಲಿ ದಾರಿ ತೋರುವ ಬಾಣದ ಗುರುತಿಲ್ಲ. ಊರವರು ಬಾಯಿಮಾತಿನಿಂದ ಹೇಳುತ್ತಾರೆ: ಹಳ್ಳವನ್ನು ದಾಟು, ಮೂಡಲಿಗೆ ತಿರುಗು, ಬಂಡೆಯ ಮಗ್ಗುಲಲ್ಲಿ ಬಾಗಿಲುಂಟು. ಆಡುವವನು ಆ ಮಾತನ್ನು ಮನಸ್ಸಿನಲ್ಲಿಟ್ಟು ನೆಲವನ್ನು ನೋಡಿ ನಡೆಯಬೇಕು. ಹೀಗೆ ನಡೆದ ನೆಲ ಅವನಿಗೆ ಪರಿಚಿತವಾಗುತ್ತದೆ. ಬಾಣವನ್ನು ಹಿಂಬಾಲಿಸಿದವನಿಗೆ ಬಾಣವೊಂದೇ ಪರಿಚಿತ.

ಕಲ್ಪಿತ ಲೋಕವು ಲೋಕವೆನಿಸುವದು ಅದರ ಆಂತರಿಕ ಧರ್ಮದಿಂದ. ಇಂಗ್ಲಿಷ್ ವಿದ್ವಾಂಸ ಟೋಲ್ಕೀನನು ೧೯೩೯ರಲ್ಲಿ ಮಾಡಿ ೧೯೪೭ರಲ್ಲಿ ಅಚ್ಚಾದ ಉಪನ್ಯಾಸವೊಂದರಲ್ಲಿ ಕಥೆಗಾರನು ಎರಡನೆಯದೊಂದು ಜಗತ್ತನ್ನು ಸೃಷ್ಟಿಸುತ್ತಾನೆಂದೂ, ಆ ಜಗತ್ತಿನ ನಿಯಮಗಳಿಗೆ ಹೊಂದುವದೆಲ್ಲವೂ ಅಲ್ಲಿ ಸತ್ಯವೆಂದೂ ಪ್ರತಿಪಾದಿಸಿದನು. ಕವಿಯನ್ನು ಕಾವ್ಯಜಗತ್ತಿನ ಪ್ರಜಾಪತಿಯೆಂದ ಆನಂದವರ್ಧನನ ಪರಂಪರೆಯಲ್ಲಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಇದರ ದೃಷ್ಟಾಂತವೂ ದೂರವಿಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಜನಿಸಿ, ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಚಂದ್ರಶೇಖರ ಕಂಬಾರರು 'ಶಿವಾಪುರ'ವೆಂಬ ಊರೊಂದನ್ನು ಕಟ್ಟಿದ್ದಾರೆ. 'ಕರಿಮಾಯಿ'ಯಲ್ಲಿಯೂ 'ಶಿಖರಸೂರ್ಯ'ದಲ್ಲಿಯೂ ಅದು ಬರುತ್ತದೆ. ಅದು ಚಿಕ್ಕ ಊರು. ಆದರೆ ಅಲ್ಲಿಯ ದೇವಿಗೆ ತನ್ನದೇ ಪುರಾಣವುಂಟು. ಆ ಪುರಾಣದಿಂದ ಊರಿನ ಹಬ್ಬ, ನಂಟು, ಭಯ, ನ್ಯಾಯಗಳು ಹೊರಡುತ್ತವೆ. ಹೊರಗಿನದೊಂದು ವಸ್ತು ಊರನ್ನು ಹೊಕ್ಕರೆ ಎಲ್ಲ ಎಳೆಗಳೂ ಒಮ್ಮೆಲೆ ಅಲುಗುತ್ತವೆ. ಹಿರಿಯ ಆಟದ ಬಯಲೂ ಹೀಗೆಯೇ ಇರತಕ್ಕದ್ದು: ಒಂದು ಎಳೆಯನ್ನು ಎಳೆದರೆ ಮತ್ತೊಂದು ಅಲುಗಬೇಕು. ಎಳೆಗಳೇ ಇಲ್ಲದ ಹರವು ಬಯಲಲ್ಲ, ಬರಿದು.

ವೇಷದ ವಿಚಾರ

ಬಯಲಿನಿಂದ ವೇಷಕ್ಕೆ ಬಂದರೆ ಈ ಸೀಮೆಯ ಅತ್ಯಂತ ಪ್ರಸಿದ್ಧವಾದ ಆಟ ಕಣ್ಣಿಗೆ ಬೀಳುತ್ತದೆ. ಅದು 'ಶ್ರೀಕೃಷ್ಣ ಪಾರಿಜಾತ'. ಅಪರಾಳ ತಮ್ಮಣ್ಣನ ರಚನೆಯನ್ನು ಕುಲಗೋಡದ ತಮ್ಮಣ್ಣನು ರಂಗಕ್ಕೆ ಅಳವಡಿಸಿ ಬೆಳೆಯಿಸಿದನೆಂದು ಪ್ರತೀತಿ. ಸತ್ಯಭಾಮೆಯ ಪಾತ್ರದಿಂದ ಕೌಜಲಗಿಯ ನಿಂಗಮ್ಮನು ಮನೆಮಾತಾದಳು. ಕುಲಗೋಡವೂ ಕೌಜಲಗಿಯೂ ಹಳೆಯ ಗೋಕಾಕ ತಾಲೂಕಿನವು. ಆ ತಾಲೂಕನ್ನು ಒಡೆದು ಈಚೆಗೆ ಮೂಡಲಗಿಯನ್ನು ಬೇರೆ ತಾಲೂಕಾಗಿ ಮಾಡಲಾಯಿತು. ಕಥೆ ಹರಿವಂಶದಷ್ಟು ಹಳೆಯದು. ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟನು, ಸತ್ಯಭಾಮೆ ಮುನಿದಳು, ಅವಳನ್ನು ತಿಳಿಯಿಸುವದೇ ಇರುಳಿನ ಕೆಲಸ. ಇದಕ್ಕಾಗಿ ಕೃಷ್ಣನು ಕೊರವಂಜಿಯ ವೇಷದಿಂದ ಬಂದು ಸತ್ಯಭಾಮೆಗೆ ಕಣಿ ಹೇಳುತ್ತಾನೆ.

ಇಲ್ಲಿ ವೇಷದ ಮೇಲೆ ವೇಷ. ರೈತನೊಬ್ಬನು ಕೃಷ್ಣನಾದನು, ಕೃಷ್ಣನು ಕೊರವಂಜಿಯಾದನು. ಕೊರವಂಜಿಯಾದ ಮೇಲೆ ಅವನು ಕೃಷ್ಣನಂತೆ ಮಾತಾಡಲಾಗದು. ಕೊರವಂಜಿಯ ನಡೆ, ಕೊರವಂಜಿಯ ನುಡಿ, ಕೊರವಂಜಿಗೆ ಅರಸಿಯ ಮುಂದೆ ಇರುವ ಸಂಕೋಚ ಹಾಗೂ ಸಲಿಗೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು. ವೇಷವು ಉಡುಗೆಯಲ್ಲ, ಅದೊಂದು ಕರಾರು. ಅದನ್ನು ತೊಟ್ಟವನಿಗೆ ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಕೃಷ್ಣನಾಗಿ ಹೋಗಲಾಗದ ಕೋಣೆಗೆ ಕೊರವಂಜಿಯಾಗಿ ಹೋಗಬಹುದು. ಆದರೆ ಕೃಷ್ಣನ ಅಧಿಕಾರವನ್ನು ಹೊಸ್ತಿಲಾಚೆ ಬಿಟ್ಟು ಹೋಗಬೇಕು.

ಗಣಕದ ಆಟಗಳಲ್ಲಿ ಈ ಕರಾರನ್ನು ಪಾಲಿಸಿದವು ಕೆಲವೇ. ರಿಚರ್ಡ್ ಗ್ಯಾರಿಯಟ್ಟನು ೧೯೮೫ರಲ್ಲಿ ಹೊರತಂದ 'ಅಲ್ಟಿಮಾ' ಮಾಲೆಯ ನಾಲ್ಕನೆಯ ಆಟವು ಅಂಥದೊಂದು. ಆಶ್ಚರ್ಯವೆಂದರೆ ಅದೂ ಕಣಿ ಹೇಳುವವಳಿಂದಲೇ ಮೊದಲಾಗುತ್ತದೆ. ಅವಳು ಧರ್ಮಸಂಕಟದ ಪ್ರಶ್ನೆಗಳನ್ನು ಕೇಳುತ್ತಾಳೆ. ಕೊಟ್ಟ ಉತ್ತರದಿಂದಲೇ ಆಡುವವನ ವೇಷ ನಿಶ್ಚಯವಾಗುತ್ತದೆ. ಆಟದ ಗುರಿ ಯಾವ ರಾಕ್ಷಸನನ್ನೂ ಕೊಲ್ಲುವದಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯಗಳೆಂಬ ಎಂಟು ಗುಣಗಳಲ್ಲಿ ಸಿದ್ಧಿಯನ್ನು ಪಡೆದು 'ಅವತಾರ'ನೆನಿಸುವದು. ಸಂಸ್ಕೃತದ ಈ ಶಬ್ದವನ್ನೇ ಅಲ್ಲಿ ಬಳಸಲಾಗಿದೆ. ಆ ನಾಡಿನಲ್ಲಿ ಮೂಲಿಕೆ ಮಾರುವ ಕುರುಡರುಂಟು. ಕೊಂಡವನು ಬೆಲೆಯನ್ನು ತಾನೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಆ ಕ್ಷಣದಲ್ಲಿ ಕೇಳುವವರಿಲ್ಲ. ಆದರೆ ಆಟವು ಅದನ್ನು ಮರೆಯದು; ಅವನ ಪ್ರಾಮಾಣಿಕತೆ ಒಳಗೊಳಗೇ ಇಳಿಯುತ್ತದೆ, ಮುಂದೊಂದು ದಿನ ಸಿದ್ಧಿಯ ಬಾಗಿಲಲ್ಲಿ ಅದು ತಿಳಿಯುತ್ತದೆ. ಕೆಲವೇ ಬಣ್ಣದ ಚುಕ್ಕೆಗಳಲ್ಲಿ ಬಿಡಿಸಿದ ಆ ಹಳೆಯ ಆಟದಲ್ಲಿ ವೇಷಕ್ಕೆ ಲೋಕವು ಉತ್ತರ ಕೊಡುತ್ತಿತ್ತು.

ಇದಕ್ಕೆ ವಿರುದ್ಧವಾದ ಉದಾಹರಣೆ ೨೦೧೧ರ 'ಸ್ಕೈರಿಮ್'. ಕೋಟ್ಯಂತರ ಜನರು ಆಡಿ ಮೆಚ್ಚಿದ ಆಟವಿದು. ಅದರ ಹಿಮದ ಬೆಟ್ಟಗಳೂ ಸಂಗೀತವೂ ಮನೋಹರ. ಆದರೆ ಮಂತ್ರವಿದ್ಯೆಯಲ್ಲಿ ಅಲ್ಪ ಪರಿಚಯವುಳ್ಳವನೂ ಅಲ್ಲಿಯ ಮಂತ್ರವಿದ್ಯಾಪೀಠದ ಮುಖ್ಯಸ್ಥನಾಗಬಹುದು. ಆದ ಮೇಲೆಯೂ ಆ ನಾಡು ಅವನನ್ನು ಕಾಣುವ ರೀತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಲ್ಲ ವೇಷಗಳನ್ನೂ ಒಬ್ಬನೇ ಒಟ್ಟಿಗೆ ತೊಡಬಹುದಾದಲ್ಲಿ ಯಾವ ವೇಷಕ್ಕೂ ಬೆಲೆಯಿರದು. ಸ್ವಾತಂತ್ರ್ಯವು ಹೆಚ್ಚಿದಂತೆ ಕಂಡರೂ ಆಯ್ಕೆಯ ಭಾರ ಕಡಿಮೆಯಾಗಿದೆ.

ಭಾಗವತನ ವಿಚಾರ

ಪಾರಿಜಾತದ ಜೀವಾಳವಾದರೂ ಯಾವದು? ಹಾಡುಗಳು ಕವಿ ಕಟ್ಟಿದವು, ಅವು ಬದಲಾಗುವದಿಲ್ಲ. ಹಾಡು ಹಾಡಿನ ನಡುವಿನ ಮಾತು ಮಾತ್ರ ಆ ಇರುಳು, ಆ ಊರಲ್ಲಿ, ಆ ಅಟ್ಟದ ಮೇಲೆಯೇ ಹುಟ್ಟುತ್ತದೆ. ಅದನ್ನು ಹುಟ್ಟಿಸುವವನು ಭಾಗವತ. ಬಂದ ಪಾತ್ರವನ್ನು ಯಾರೆಂದು ಕೇಳುವವನು ಅವನೇ. ಸತ್ಯಭಾಮೆಯ ಬಿಂಕವನ್ನು ಕೆಣಕುವವನು, ಕೃಷ್ಣನ ಕಪಟವನ್ನು ನಗೆಗೀಡು ಮಾಡುವವನು, ಪುರಾಣದ ದ್ವಾರಕೆಗೆ ಊರಿನ ಸುದ್ದಿಯನ್ನು ತಂದು ಸೇರಿಸುವವನು ಅವನೇ. ಪಾತ್ರಧಾರಿ ಹೊಸ ಮಾತನ್ನಾಡಿದರೆ ಭಾಗವತನು ಹೊಸ ಉತ್ತರವನ್ನು ಕೊಡಬೇಕು. ಆದರೂ ಕಥೆಯ ಹದ್ದನ್ನು ಮೀರಗೊಡಬಾರದು. ಈ ಉತ್ತರವನ್ನು 'ಮರುಮಾತು' ಎಂದು ಕರೆಯಬಹುದು. ಮರುಮಾತಿಲ್ಲದ ಪಾರಿಜಾತವು ಬರಿಯ ಹಾಡುಗಬ್ಬವಾದೀತು.

ವೇಷದಾಟಗಳ ಇತಿಹಾಸದಲ್ಲಿಯೂ ಭಾಗವತನಿದ್ದಾನೆ. ೧೯೭೪ರಲ್ಲಿ ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಅಚ್ಚು ಮಾಡಿದರು. ಅದಕ್ಕೆ ಯಂತ್ರ ಬೇಡ. ನಾಲ್ಕಾರು ಜನ, ಕಾಗದ, ದಾಳಗಳು ಸಾಕು. ಒಬ್ಬನು ಲೋಕವನ್ನು ವರ್ಣಿಸುತ್ತಾನೆ. ಉಳಿದವರು ತಮ್ಮ ತಮ್ಮ ವೇಷದ ಪರವಾಗಿ, ಹೀಗೆ ಮಾಡುತ್ತೇನೆಂದು ಹೇಳುತ್ತಾರೆ. ಆಗ ಏನಾಯಿತೆಂಬದನ್ನು ಮೊದಲಿನವನು ಕಟ್ಟಳೆಗೆ ಅನುಸಾರವಾಗಿ ತಿಳಿಸುತ್ತಾನೆ. ಆ ಮೊದಲಿನವನು ಭಾಗವತನಲ್ಲದೆ ಮತ್ತಾರು? ಗಣಕದ ವೇಷದಾಟಗಳೆಲ್ಲವೂ ಈ ಆಟದ ಸಂತತಿಯವು. ಆದರೆ ಯಂತ್ರದೊಳಗೆ ಇಳಿಯುವಾಗ ಭಾಗವತನು ಹೊರಗೇ ಉಳಿದನು. ಆಡುವವನು ಏನು ಮಾಡಿದರೂ ಅದಕ್ಕೆ ಉತ್ತರವನ್ನು ವರ್ಷಗಳ ಮೊದಲೇ ಬರೆದಿಡಬೇಕಾಯಿತು. ತೆರೆದ ಲೋಕದ ಆಟಗಳ ಮುಖ್ಯ ಸಮಸ್ಯೆ ಇದೇ. ಅವುಗಳ ಹಿರಿಮೆ ಕಿರಿಮೆಗಳೂ ಭಾಗವತನ ಸ್ಥಾನವನ್ನು ಹೇಗೆ ತುಂಬಲಾಗಿದೆ ಎಂಬದನ್ನೇ ಅವಲಂಬಿಸಿವೆ.

ಹೀಗೆ ತುಂಬುವದಕ್ಕೆ ಎರಡು ದಾರಿಗಳು ಕಂಡುಬರುತ್ತವೆ. ಮೊದಲನೆಯದು ಬರಹದ ದಾರಿ. ಪೋಲಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ಸಾಪ್ಕೋವ್‌ಸ್ಕಿಯ ಕಥೆಗಳನ್ನು ಆಧರಿಸಿ ೨೦೧೫ರಲ್ಲಿ ರಚಿಸಿದ 'ವಿಚರ್' ಮಾಲೆಯ ಮೂರನೆಯ ಆಟದಲ್ಲಿ, ಮರವೊಂದರ ಬುಡದಲ್ಲಿ ಸೆರೆಯಾದ ಒಂದು ಭೂತವುಂಟು. ಅದನ್ನು ಬಿಟ್ಟರೆ ಜೌಗಿನ ಅನಾಥ ಮಕ್ಕಳು ಉಳಿಯುತ್ತಾರೆ; ಆದರೆ ಪಾಳೆಯಗಾರನೊಬ್ಬನ ಹೆಂಡತಿ ಸಾಯುತ್ತಾಳೆ, ಅವನೂ ನೇಣು ಹಾಕಿಕೊಳ್ಳುತ್ತಾನೆ. ಅದನ್ನು ಕೊಂದರೆ ಮಕ್ಕಳು ಬಲಿಯಾಗುತ್ತಾರೆ. ಹೆಂಡತಿ ಬದುಕಿದರೂ ಮತಿಗೆಡುತ್ತಾಳೆ, ಗಂಡನು ಅವಳ ಚಿಕಿತ್ಸೆಗಾಗಿ ದೂರದೇಶಕ್ಕೆ ಹೊರಡುತ್ತಾನೆ. ಫಲವು ಕೂಡಲೇ ತಿಳಿಯದು. ಬೇರೆ ಕೆಲಸಗಳ ನಡುವೆ ಬಹಳ ತಡವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಒಳ್ಳೆಯದೆಂಬ ಒಂದು ಬಾಗಿಲು ಇಲ್ಲಿಲ್ಲ. ಆಡುವವನ ಕೃತ್ಯಕ್ಕೆ ಲೋಕವು ಮರುಮಾತಾಡಿದೆ, ಆ ಮಾತು ನೋಯಿಸುವಂಥದಾಗಿದೆ.

ಎರಡನೆಯದು ಕಟ್ಟಳೆಯ ದಾರಿ. ಈ ಜಾತಿಗೆ ತೀರ ಹತ್ತಿರದ, ಜಪಾನಿನ ನಿಂಟೆಂಡೊ ಸಂಸ್ಥೆಯ 'ಬ್ರೆತ್ ಆಫ್ ದ ವೈಲ್ಡ್' (೨೦೧೭) ಇದಕ್ಕೆ ನಿದರ್ಶನ. ಅಲ್ಲಿ ಕಟ್ಟಿಗೆ ಉರಿಯುತ್ತದೆ. ಉರಿಯಿಂದ ಗಾಳಿ ಮೇಲಕ್ಕೇಳುತ್ತದೆ. ಮಳೆಯಲ್ಲಿ ಬಂಡೆ ಜಾರುತ್ತದೆ. ಲೋಹಕ್ಕೆ ಸಿಡಿಲು ಹೊಡೆಯುತ್ತದೆ. ಆಡುವವನು ಹುಲ್ಲಿಗೆ ಬೆಂಕಿಯಿಟ್ಟು, ಎದ್ದ ಗಾಳಿಯ ಮೇಲೆ ತೇಲಿ, ಶತ್ರುವಿನ ತಲೆಯ ಮೇಲಿಳಿಯಬಹುದು. ಈ ಉಪಾಯವನ್ನು ಯಾರೂ ಒಂದೊಂದಾಗಿ ಬರೆದಿಡಬೇಕಾಗಿಲ್ಲ. ಕೆಲವೇ ನಿಯಮಗಳು ಒಂದಕ್ಕೊಂದು ಕೂಡಿ ಅದನ್ನು ಹುಟ್ಟಿಸುತ್ತವೆ. ಧಾತುಗಳಿಂದಲೂ ಪ್ರತ್ಯಯಗಳಿಂದಲೂ ಎಣಿಕೆಗೆ ಮೀರಿದ ರೂಪಗಳನ್ನು ಹುಟ್ಟಿಸುವ ವ್ಯಾಕರಣದಂತೆ ಇದು ಕೆಲಸ ಮಾಡುತ್ತದೆ. ಬರಹದ ದಾರಿಯಲ್ಲಿ ಅರ್ಥದ ಆಳ ಹೆಚ್ಚು, ಉತ್ತರಗಳ ಸಂಖ್ಯೆ ಕಡಿಮೆ. ಕಟ್ಟಳೆಯ ದಾರಿಯಲ್ಲಿ ಉತ್ತರಗಳು ಅಸಂಖ್ಯ, ಆದರೆ ಅವು ನೆಲ ನೀರು ಬೆಂಕಿಗಳ ಉತ್ತರಗಳು, ಮನುಷ್ಯರವಲ್ಲ. ಎರಡೂ ಕೂಡಿದಷ್ಟು ಆಟವು ಹಿರಿದಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಯಂತ್ರವೇ ಇನ್ನು ಮಾತು ಕಟ್ಟಬಹುದೆಂಬ ಆಸೆ ಈಗ ಹುಟ್ಟಿದೆ. ಆದರೆ ಭಾಗವತನ ಗುಣವು ವಾಚಾಳತೆಯಲ್ಲ. ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬ ಔಚಿತ್ಯಜ್ಞಾನ ಅವನ ಗುಣ. ಅದಿಲ್ಲದ ಮಾತು ಎಷ್ಟಿದ್ದರೂ ಮರುಮಾತಾಗದು.

ಕಥೆಯ ವಿಚಾರ

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುವದು. ಕಥೆಗೆ ಆದಿ ಮಧ್ಯ ಅಂತ್ಯಗಳ ಬಿಗುವು ಬೇಕು. ಆಡುವವನು ಮನಸ್ಸು ಬಂದತ್ತ ತಿರುಗಬಹುದಾದರೆ ಬಿಗುವು ಎಲ್ಲಿಯದು? ಆಕ್ಷೇಪವು ನ್ಯಾಯವಾದದ್ದೇ. ಮೇಲೆ ಹೊಗಳಿದ 'ವಿಚರ್' ಆಟದಲ್ಲಿಯೇ ನಾಯಕನು ಆಪತ್ತಿನಲ್ಲಿರುವ ಸಾಕುಮಗಳನ್ನು ಹುಡುಕುತ್ತ ಹೊರಟವನು. ಆದರೂ ಊರೂರಿನ ಛತ್ರಗಳಲ್ಲಿ ದಿನಗಟ್ಟಲೆ ಎಲೆಯಾಟವಾಡುತ್ತ ಕೂಡಬಹುದು, ಮಗಳಿಗೆ ಇದರಿಂದ ಏನೂ ಆಗದು. ಕಥೆ ಅವಸರವೆನ್ನುತ್ತದೆ, ಲೋಕ ಸಾವಕಾಶವೆನ್ನುತ್ತದೆ. ಎರಡರಲ್ಲೊಂದು ಸುಳ್ಳಾಗುತ್ತದೆ.

ಪಾರಿಜಾತದಲ್ಲಿ ಈ ವಿರೋಧವಿಲ್ಲ. ಅದರ ಕಥೆ ಬಹು ಸಣ್ಣದು: ಒಂದು ಹೂವು, ಒಂದು ಮುನಿಸು. ಕೊನೆ ಎಲ್ಲರಿಗೂ ಗೊತ್ತು. ಆದಕಾರಣ ನಡುವೆ ಎಷ್ಟು ಹೊತ್ತು ಹಾಸ್ಯಕ್ಕೆ, ವಾದಕ್ಕೆ, ಊರಿನ ಸುದ್ದಿಗೆ ಹೋದರೂ ಕಥೆಗೆ ಭಂಗವಿಲ್ಲ. ಮುನಿಸು ಬೆಳಗಿನವರೆಗೂ ಕಾಯಬಲ್ಲದು. ಅಲ್ಲಿ ಪಣಕ್ಕಿಟ್ಟದ್ದು ಕಾಲವಲ್ಲ, ಸಂಬಂಧ. ಪ್ರತಿಯೊಂದು ಅಡ್ಡಮಾತೂ ಆ ಸಂಬಂಧವನ್ನೇ ಒಂದು ಬದಿಯಿಂದ ಬೆಳಗುತ್ತದೆ. ತೆರೆದ ಆಟಕ್ಕೆ ತಕ್ಕ ಕಥೆಯ ಲಕ್ಷಣ ಇದರಿಂದ ತಿಳಿಯುತ್ತದೆ: ಕಾಯಬಲ್ಲ ಕಥೆಯೇ ಅದಕ್ಕೆ ಯೋಗ್ಯ. ಜಪಾನಿನ ಮಿಯಾಜಾಕಿಯು ನಿರ್ದೇಶಿಸಿ, ಜಾರ್ಜ್ ಮಾರ್ಟಿನನು ಪುರಾಣದ ಹಿನ್ನೆಲೆಯನ್ನು ಒದಗಿಸಿದ 'ಎಲ್ಡನ್ ರಿಂಗ್' (೨೦೨೨) ಇದನ್ನು ಮತ್ತೊಂದು ಬಗೆಯಿಂದ ಸಾಧಿಸಿದೆ. ಅಲ್ಲಿ ಅನರ್ಥವು ಎಂದೋ ನಡೆದುಹೋಗಿದೆ, ಉಳಿದದ್ದು ಹಾಳು. ಆಡುವವನು ಸಿಕ್ಕ ಆಯುಧ ಆಭರಣಗಳ ಮೇಲಣ ಚಿಕ್ಕ ಟಿಪ್ಪಣಿಗಳಿಂದ ಹಿಂದಿನ ಕಥೆಯನ್ನು, ಶಾಸನಗಳ ಚೂರುಗಳಿಂದ ಇತಿಹಾಸವನ್ನು ಕಟ್ಟುವ ಸಂಶೋಧಕನಂತೆ, ತಾನೇ ಜೋಡಿಸಿಕೊಳ್ಳುತ್ತಾನೆ. ಅಲೆದಾಟವೇ ಅಲ್ಲಿ ಕಥೆಯ ಓದು.

ರಸದ ವಿಚಾರ

ಕಡೆಗೆ ರಸದ ಪ್ರಶ್ನೆ. ನಟನು ರಸವನ್ನು ಸವಿಯುವವನಲ್ಲ, ಸಹೃದಯನಿಗೆ ಅದನ್ನು ಮುಟ್ಟಿಸುವ ಪಾತ್ರೆ ಮಾತ್ರನೆಂದು ಅಭಿನವಗುಪ್ತನ ಅಭಿಪ್ರಾಯ. ವೇಷದಾಟದಲ್ಲಿ ಪಾತ್ರೆಯೂ ಸವಿಯುವವನೂ ಒಬ್ಬನೇ. ಆಡುವವನು ತಾನೇ ವೇಷಧಾರಿ, ತಾನೇ ಪ್ರೇಕ್ಷಕ. ಇದರಿಂದ ಒಂದು ಅಪಾಯವುಂಟು: ಗೆಲ್ಲುವ ಆಶೆ, ಗಳಿಸುವ ಆಶೆಗಳು ಅವನ ಸ್ವಂತದವಾಗಿಯೇ ಉಳಿದು, ಭಾವವು ಸಾಧಾರಣೀಕರಣ ಹೊಂದದೆ ಹೋದೀತು. ಒಂದೇ ಮಾದರಿಯ ಕೆಲಸಗಳನ್ನು ನೂರಾರು ಚೆಲ್ಲಿ, ಎಣಿಕೆಯನ್ನು ತುಂಬಿಸುವದೇ ಗುರಿಯಾಗುವಂತೆ ಮಾಡಿದ ಆಟಗಳಲ್ಲಿ ಆಗುವದು ಇದೇ. ಅಲ್ಲಿರುವದು ಸಂಗ್ರಹದ ಚಪಲ, ರಸವಲ್ಲ. ಆದರೆ ಕುರುಡ ವ್ಯಾಪಾರಿಯ ಮುಂದೆ ನಾಣ್ಯ ಎಣಿಸುವಾಗ, ಮರದ ಬುಡದ ಭೂತದ ಮುಂದೆ ನಿಂತಾಗ, ಆಡುವವನು ತನ್ನ ಕೃತ್ಯವನ್ನು ತಾನೇ ದೂರದಿಂದ ನೋಡಬೇಕಾಗುತ್ತದೆ. ಮಾಡಿದವನು ತಾನು, ಆದರೆ ಅದು ಮನುಷ್ಯಮಾತ್ರನ ಸಂಕಟ. ಕಾವ್ಯವು ತೋರಿಸಿ ಮಾಡುವ ಕೆಲಸವನ್ನು ಇದು ಮಾಡಿಸಿ ಮಾಡುತ್ತದೆ. ಹೊಸ ಕಲೆಯ ವೈಶಿಷ್ಟ್ಯವೂ ಇದೇ, ಹೊಣೆಯೂ ಇದೇ.

ಇಷ್ಟರಿಂದ ಹಿರಿಯ ಆಟದ ಲಕ್ಷಣವನ್ನು ಸಂಗ್ರಹಿಸಬಹುದು. ಬಯಲಿಗೆ ತನ್ನದೇ ಧರ್ಮವಿರಬೇಕು, ವೇಷವು ಕರಾರಾಗಿರಬೇಕು, ಕಥೆಯು ಕಾಯಬಲ್ಲದಾಗಿರಬೇಕು, ಎಲ್ಲಕ್ಕೂ ಮೇಲಾಗಿ, ತೊಟ್ಟ ವೇಷಕ್ಕೂ ಮಾಡಿದ ಕೃತ್ಯಕ್ಕೂ ಲೋಕವು ತನ್ನ ಧರ್ಮಕ್ಕೆ ಅನುಗುಣವಾಗಿ ಮರುಮಾತಾಡಬೇಕು. ಮೊದಲಿನ ಮೂರೂ ಈ ನಾಲ್ಕನೆಯದರ ಅಂಗಗಳು. ವಿಸ್ತಾರ, ಚಿತ್ರದ ಬೆಡಗು, ತಾಸುಗಳ ಲೆಕ್ಕ ಇವು ಅಲಂಕಾರಗಳು. ಅಂಗಿಯಾದ ಮರುಮಾತಿಲ್ಲದಲ್ಲಿ ಅಲಂಕಾರಕ್ಕೆ ಆಶ್ರಯವಿಲ್ಲ.

ಕನ್ನಡದ ಮಟ್ಟಿಗೆ ಇದರಿಂದ ಒಂದು ವಿಚಾರ ಹೊರಡುತ್ತದೆ. ಪುಣೆಯ ನೋಡಿಂಗ್ ಹೆಡ್ಸ್ ಸಂಸ್ಥೆಯವರು ೨೦೨೦ರಲ್ಲಿ ಪುರಾಣದ ವಸ್ತುವಿನ 'ರಾಜಿ' ಎಂಬ ಆಟವನ್ನು ಹೊರತಂದರು. ಅದು ತೆರೆದ ಲೋಕದ್ದಲ್ಲವಾದರೂ ಭಾರತದ ವಸ್ತು ಈ ಕಲೆಗೆ ಒಗ್ಗುವದೆಂಬದನ್ನು ತೋರಿಸಿತು. ಮುಂದೆ ಕನ್ನಡದಲ್ಲಿ ಇಂಥ ಆಟವನ್ನು ಕಟ್ಟುವವರು ಗುಡಿಗೋಪುರಗಳ ಚಿತ್ರವನ್ನೂ ಪುರಾಣದ ಹೆಸರುಗಳನ್ನೂ ತಂದರೆ ಸಾಲದು. ಅವು ಉಡುಗೆ ಮಾತ್ರ. ಕುಲಗೋಡ ಕೌಜಲಗಿಗಳ ಅಟ್ಟದ ಮೇಲೆ ತಲೆಮಾರುಗಳಿಂದ ಬೆಳೆದು ಬಂದ ಕೇಳುವ ಕೆಣಕುವ ತಡೆಯುವ ರೀತಿಯನ್ನು, ಅರಸಿಗೊಂದು ಕೊರವಂಜಿಗೊಂದಾಗಿ ನುಡಿಯನ್ನು ಬೇರ್ಪಡಿಸುವ ಜಾಣ್ಮೆಯನ್ನು, ಹದ್ದು ಮೀರದೆ ಹೊಸದನ್ನಾಡುವ ಸ್ವಾತಂತ್ರ್ಯವನ್ನು ಅವರು ಅಭ್ಯಾಸ ಮಾಡತಕ್ಕದ್ದು. ಆ ವಿದ್ಯೆ ಬರಹದಲ್ಲಿ ಉಳಿದಿರುವದು ಸ್ವಲ್ಪ; ಹೆಚ್ಚಿನದು ಮುದುಕರಾಗುತ್ತಿರುವ ಭಾಗವತರ ನಾಲಿಗೆಯ ಮೇಲಿದೆ. ಹಾಡುಗಳನ್ನು ಸಂಗ್ರಹಿಸಿ ಅಚ್ಚು ಮಾಡಿದ ವಿದ್ವಾಂಸರು ಹಾಡು ಹಾಡಿನ ನಡುವಿನ ಮಾತನ್ನೂ ಅಷ್ಟೇ ಆಸ್ಥೆಯಿಂದ, ಒಂದೇ ಪ್ರಸಂಗವನ್ನು ಹಲವು ಊರುಗಳಲ್ಲಿ ಹಲವು ಇರುಳುಗಳಲ್ಲಿ ಆಲಿಸಿ, ದಾಖಲೆ ಮಾಡುವದು ಅಗತ್ಯ. ಹಾಡು ಪುಸ್ತಕದಲ್ಲಿ ಉಳಿದೀತು. ಮರುಮಾತನ್ನು ಕೇಳಿ ಬರೆದಿಟ್ಟವರಿಲ್ಲದಿದ್ದರೆ ಅದು ಆಡಿದವನೊಡನೆಯೇ ಹೋಗುವದು.